ತಾತನ ಕೋವಿ ಯಾರದು?

೧೪ ಸೆಪ್ಟೆಂಬರ್ ೧೯೫೮, ಭಾನುವಾರ. ಮಂಚೇನಹಳ್ಳಿ

ಸ್ಕೂಲಿನ ನನ್ನ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೆ. ನನ್ನನ್ನು ನೋಡಿಹೋಗಿದ್ದ ಗೌರಿಬಿದನೂರಿನವರು ಹೇಳಿ ಕಳಿಸಿದರು — ಸಂಬಂಧ ಬೇಡವಂತೆ. ಕಾರಣ? ಗೋಡೆಯ ಮೇಲಿನ ತಾತನ ಕೋವಿ! ನಂದಿಬೆಟ್ಟದಲ್ಲಿ ಬಿಳಿ ದೊರೆಯ ಸಾಮಾನು ಹೊರಲು ಹೋದ ತಾತ ಮುನಿಗಂಗಪ್ಪ ಅದನ್ನು ಕದ್ದು ತಂದರೆಂದು ಅಂಗಡಿ ಆವುಲಪ್ಪ ಹಿಂದಿನಿಂದಲೂ ಸಾರುವ ಕಥೆ. ಅಲ್ಲಿಗೂ ಮುಟ್ಟಿದೆ.

ಮದುವೆ ತಪ್ಪಿದ್ದಕ್ಕೆ ದುಃಖವಿಲ್ಲ. ಆ ಹುಡುಗ ಕಾಫಿಯನ್ನು ಸೊರ್ ಎಂದು ಹೀರುತ್ತಿದ್ದ. ಆದರೆ ತಾತ ಕಳ್ಳರೇ? ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ನನ್ನನ್ನು ಸ್ಕೂಲಿಗೆ ಸೇರಿಸಿದವರು! ಮೈ ಉರಿಯುತ್ತಿದೆ. ಈ ಕೋವಿ ಮಾಡಿದವನು ಯಾರು, ಯಾರಿಗೆಂದು ಮಾಡಿದ, ಪತ್ತೆ ಹಚ್ಚಿಯೇ ಹಚ್ಚುತ್ತೇನೆ.

೨೮ ಸೆಪ್ಟೆಂಬರ್, ಭಾನುವಾರ

ಬಸ್ಸು ಬದಲಿಸಿ ಬದಲಿಸಿ ಚಿಂತಾಮಣಿ. ಸೈನ್ಯದಲ್ಲಿ ಕೋವಿಗಳ ನಡುವೆಯೇ ಇದ್ದು ಪೆನ್ಷನ್ ಆದ ಜಮೇದಾರ್ ವೆಂಕಟರವಣಪ್ಪನವರಿಗೆ ನಾನು ಬರೆದ ಕೋವಿಯ ಚಿತ್ರ ತೋರಿಸಿದೆ.

"ಇದೇನಮ್ಮ, ಕೊಡಲಿ ಕಾವಾ?" ನಕ್ಕು, ಆಮೇಲೆ ಹೇಳಿದರು: "ಮಾಡ್ದೋನು ಹೆಸ್ರು ಹಾಕ್ದೆ ಬಿಡಲ್ಲ ಕಣಮ್ಮ. ಹಿಡಿ ಹತ್ರ ಹಿತ್ತಾಳೆ ತಗಡು ಇರುತ್ತೆ, ನೋಡ್ಕೋ."

೨೯ ಸೆಪ್ಟೆಂಬರ್

ತಗಡಿದೆ. ಅದರ ಮೇಲೆ ವರ್ಷವರ್ಷದ ಆಯುಧಪೂಜೆಯ ಕುಂಕುಮ, ಎಣ್ಣೆ ಸೇರಿ ಕಲ್ಲಾಗಿದೆ. ಚಾಕು ತಂದೆ. ಅಮ್ಮ ಕೈ ಹಿಡಿದಳು.

"ಪೂಜೆ ಕುಂಕುಮ ಕೆರೀಬಾರ್ದು ಕಣೇ."

"ಯಾಕಮ್ಮ?"

"ಬಾರ್ದು ಅಂದ್ರೆ ಬಾರ್ದು."

ಚಾಕು ಕಿತ್ತುಕೊಂಡು ಒಳಗೆ ಹೋದಳು.

೧೨ ಅಕ್ಟೋಬರ್

ಅಂದಿನಿಂದ ಅಮ್ಮನದು ಮಾತಿಲ್ಲ, ಕಥೆಯಿಲ್ಲ. ತಟ್ಟೆಗೆ ಮುದ್ದೆ ಬೀಳುತ್ತದೆ, ಅಷ್ಟೇ. ಇರಲಿ. ನಾನೂ ಅವಳ ಮಗಳೇ — ಬಿಡುವವಳಲ್ಲ.

೨೦ ಅಕ್ಟೋಬರ್

ಕೇಳಿಯೇಬಿಟ್ಟೆ. "ನೀನೂ ತಾತನ್ನ ಕಳ್ಳ ಅಂತೀಯೇನಮ್ಮ?"

ಕೂತಲ್ಲೇ ಅತ್ತಳು. ಸೊಸೆಯಾಗಿ ಬಂದ ವರ್ಷವೇ ತಗಡಿನ ಮೇಲೆ ಅಕ್ಷರ ಕಂಡಿದ್ದಳಂತೆ.

"ನಂಗೆ ಓದಕ್ಕೆ ಬರುತ್ತಾ? ದೊರೆ ಹೆಸ್ರೇ ಅನ್ಕೊಂಡೆ. ಮಾವನ ಎದುರು ನಿಂತು ಕೇಳಕ್ಕಾಗುತ್ತಾ? ಯಾರಾದ್ರೂ ಓದಿಬಿಟ್ರೆ ಅವರ ಮಾನ ಹೋಗುತ್ತೆ ಅಂತ ಪ್ರತಿ ಪೂಜೆಗೂ ದಪ್ಪಗೆ ಮೆತ್ತಿದೆ ಕಣೇ."

ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದಾಳೆ... ನನಗೂ ಅಳು ಬಂತು.

ಆಮೇಲೆ ತಾನೇ ಎದ್ದು ಹುಣಸೆಹಣ್ಣು ನೆನೆಸಿದಳು. ದೀಪದ ಕಂಬ ತಿಕ್ಕುವ ಹಾಗೆ ತಗಡು ತಿಕ್ಕಿದಳು. ಕಣ್ಣು ಮುಚ್ಚಿಕೊಂಡು "ಓದು" ಎಂದಳು.

ಉಳಿಯಲ್ಲಿ ಕೆತ್ತಿದ ಸೊಟ್ಟಪಟ್ಟ ಕನ್ನಡ: ಶಿಡ್ಲಘಟ್ಟದ ಕಂಬಾರ ಕೋನಪ್ಪ ಮಾಡಿದ್ದು. ಮಾಡಿಸಿದ ಯಜಮಾನ ಮುನಿಗಂಗಪ್ಪ.

೨೧ ಅಕ್ಟೋಬರ್, ಆಯುಧಪೂಜೆ, ಬೆಳಿಗ್ಗೆ

ಅಮ್ಮ ಈ ಸಲ ಮರದ ಹಿಡಿಗಷ್ಟೇ ಕುಂಕುಮ ಇಟ್ಟಳು. ಹೆಸರನ್ನು ಮತ್ತೆ ಮತ್ತೆ ಓದಿಸಿದಳು. ಈಗ ಸೆರಗು ಬಿಗಿದು, ಕೋವಿಯನ್ನು ಹೆಗಲಿಗೇರಿಸಿಕೊಂಡು ಹೊಸಿಲ ಮೇಲೆ ನಿಂತಿದ್ದಾಳೆ.

"ಬರ್ದಿದ್ದು ಸಾಕು, ಏಳೇ! ಆವುಲಪ್ಪನ ಅಂಗ್ಡಿ ಮುಂದೆ ಗಟ್ಟಿಯಾಗಿ ಓದುವಂತೆ, ನಡಿ."

ಚಪ್ಪಲಿ ಎಲ್ಲಿ ಬಿಟ್ಟೆನೋ —