ಉಣ್ಣಲೊಲ್ಲದ ಮರಿಗಳು

ಜನವರಿ 14, ಮಂಗಳವಾರ

ಇವತ್ತೂ ತಿಂದಿಲ್ಲ ಹಾವಿನ ಮರಿಗಳು. ಆರು ಡಬ್ಬಿ, ಆರು ಇಲಿಮರಿ. ಇಟ್ಟಲ್ಲೇ ಬಿದ್ದಿದ್ದವು, ಬಣ್ಣ ಬೂದಿಗೆ ತಿರುಗಿತ್ತು. ಚಿಮಟದಲ್ಲಿ ಎತ್ತಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಕೈ ತೊಳೆದೆ. ಆಮೇಲೆ ಚಹಾ.

ಮೊದಲ ಪೊರೆ ಬಿಟ್ಟ ಮೇಲೆ ತಾವೇ ತಿನ್ನುತ್ತವೆ ಎಂದಿದ್ದ ನನ್ನ ಗಂಡ ಕ್ಲೈಡ್. ಪೊರೆ ಬಿಟ್ಟು ವಾರವಾಯಿತು. ದಕ್ಷಿಣ ಸಮುದ್ರದ ಆ ದ್ವೀಪದಲ್ಲಿ ಕೂತು ಹೇಳುವುದು ಸುಲಭ. ಹವಾಮಾನ ಕೇಂದ್ರದ ಡೀಸೆಲ್ ಎಂಜಿನ್ ನೋಡಿಕೊಳ್ಳಲು ಹೋದವನು, ಮೇ ತಿಂಗಳಲ್ಲಿ ಹಡಗು ಕರೆತರಬೇಕು. ಹೋಗುವ ಮುಂಚೆ ತನ್ನ ಸಾಕುಹಾವು ಡೋರಾಳ ಜೊತೆ ಒಂದು ಗಂಡು ಹಾವನ್ನು ಬಿಟ್ಟಿದ್ದ. ತಿಂಗಳುಗಟ್ಟಲೆ ಏನೂ ಇಲ್ಲ. ನವೆಂಬರಿನಲ್ಲಿ ಮೊಟ್ಟೆ, ವರ್ಷದ ಕೊನೆಗೆ ಆರು ಮರಿ! ಹಾವು ಅವನದು, ಬಾಣಂತನ ನನ್ನದು.

ಬೇಲಿಯಾಚೆಯಿಂದ ಪಕ್ಕದ ಮನೆಯ ಜಾರ್ಜಿನಾ ಆಂಟಿ: "ಆ ಹುಳಗಳು ಇನ್ನೂ ಉಪವಾಸಾನೇನೇ, ವೆರೆನ್ಸಿಯಾ?"

"ಹೂಂ ಆಂಟಿ."

"ಒಳ್ಳೇದಾಯ್ತು ಬಿಡು. ಎಲ್ಲಾ ಹೋದ ದಿನ ನಾನೇ ಕೇಕ್ ಮಾಡ್ತೀನಿ."

ಶಾಲೆ ಶುರುವಾಗಿದೆ. ಹೊಲಿಯಬೇಕಾದ ಯೂನಿಫಾರ್ಮು ಮೇಜಿನ ತುಂಬ. ಹೊರಗೆ ಗಾಳಿ, ಒಳಗೆ ಮಷೀನಿನ ಸದ್ದು. ಮಧ್ಯಾಹ್ನದವರೆಗೂ ಇನ್ಯಾರ ದನಿಯೂ ಕೇಳಲಿಲ್ಲ.

ಜನವರಿ 19, ಭಾನುವಾರ

ಕ್ಲೈಡ್ ಫೋನ್, ಭಾನುವಾರಕ್ಕೊಂದು. ಮಾತು ಹೋಗಿ ಮುಟ್ಟುವಷ್ಟರಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತೇವೆ.

"ತಿಂದ್ವಾ?"

"ಒಂದೂ ಇಲ್ಲ."

"ನೀನು ಮುಚ್ಚಳ ತೆಗೆದು ತೆಗೆದು ನೋಡ್ತಿರ್ತೀಯ. ಹೆದರ್ಕೋತಾವೆ ಕಣೇ. ನೋಡ್ಬೇಡ."

ನೋಡದೆ ಏನು ಮಾಡಲಿ? ಈ ಮನೆಯಲ್ಲಿ ನೋಡಲು ಬೇರೆ ಏನಿದೆ... ಅಲ್ಲಿ ಹಿಮ ಬೀಳುತ್ತಿದೆಯಂತೆ, ನಮ್ಮ ದಕ್ಷಿಣದ ಈ ಜನವರಿ ಬೇಸಿಗೆಯಲ್ಲೂ. ಪೆಂಗ್ವಿನ್ ವಾಸನೆ ಬಟ್ಟೆಯಿಂದ ಹೋಗುವುದಿಲ್ಲವಂತೆ. ನಗುತ್ತಿದ್ದ. ಲೈನ್ ಕಟ್ಟಾಯಿತು.

ಜನವರಿ 23, ಗುರುವಾರ

ಟ್ಯಾಕ್ಸಿ ಹಿಡಿದು ಪಕ್ಕದ ಊರು ಸಲ್ದಾನ್ಯಾಕ್ಕೆ ಹೋಗಿದ್ದೆ, ಕೀವಿಟ್ ಅಂಕಲ್ ಮನೆಗೆ. ಮೊದಲು ಟ್ರಾಫಿಕ್ ಪೊಲೀಸ್, ಈಗ ನಿವೃತ್ತರು. ಗ್ಯಾರೇಜ್ ತುಂಬ ಹಾವು. ಡೋರಾಳ ಜೊತೆಗಾರ ಇವರದೇ.

ನನ್ನ ತೊಡೆಯ ಮೇಲಿದ್ದ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದರು. ಪೆನ್ಸಿಲ್‌ಗಿಂತ ತೆಳ್ಳಗಿನ ಕಂದು ಮರಿಗಳು.

"ಇಲೀನ ಇವು ಊಟ ಅಂತಾನೇ ಅಂದ್ಕೊಂಡಿಲ್ಲಮ್ಮ. ಮರಿಗಳಿಗೆ ಗೊತ್ತಿರೋದು ಹಲ್ಲಿ. ಒಂದು ಹಲ್ಲಿ ಹಿಡಿ, ಇಲಿಮರಿ ಮೈಗೆ ಚೆನ್ನಾಗಿ ಉಜ್ಜು, ಹಲ್ಲೀನ ಬಿಟ್ಬಿಡು. ಮೂಗಿಗೆ ಮೋಸ."

"ನಾನು ಹಲ್ಲಿ ಹಿಡಿಯೋದಾ!"

"ಹಾವು ಹಿಡೀತೀಯ, ಹಲ್ಲಿಗೆ ಹೆದರ್ತೀಯ? ಆಮೇಲೆ ಚಿಕ್ಕ ಡಬ್ಬಿಗೆ ಹಾಕು, ಮುಚ್ಚು, ಆಚೆ ಹೋಗು. ಮೂರು ಸಲ ತಾವಾಗೇ ತಿಂದ್ರೆ ನಂಗೆ ಹೇಳು, ಮನೆ ಹುಡುಕ್ಕೊಡ್ತೀನಿ." ಬಾಗಿಲವರೆಗೂ ಬಂದರು. "ನೀನು ಊಟ ಮಾಡ್ತಿದೀಯಾ? ಮುಖ ಇಷ್ಟೇ ಇಷ್ಟಾಗಿದೆ."

ಜನವರಿ 24, ಸಂಜೆ

ಹಲ್ಲಿ ಬೇಟೆ. ಒಬ್ಬಳಿಂದ ಆಗಲಿಲ್ಲ, ಆಂಟಿಯನ್ನು ಕರೆದೆ. ಬೈಯುತ್ತಲೇ ಬಂದರು, ಚಹಾದ ಜರಡಿ ಹಿಡಿದು.

"ನಾನು ಸಂಡೇ ಸ್ಕೂಲ್ ಟೀಚರ್ ಕಣೇ. ಯಾರಾದ್ರೂ ನೋಡಿದ್ರೆ?"

ಹಿತ್ತಲ ದೀಪದ ಕೆಳಗೆ ನಾನು ಕುರ್ಚಿ ಹತ್ತಿದ್ದೆ, ಅವರು ಕುರ್ಚಿ ಹಿಡಿದಿದ್ದರು. ಹಲ್ಲಿ ಜಾರಿತು. ಬಾಲ ಮಾತ್ರ ಕಳಚಿ ಅವರ ಚಪ್ಪಲಿಯ ಮೇಲೆ ಬಿದ್ದು ಕುಣಿಯತೊಡಗಿತು. ಆಂಟಿ ಕೂಗಿದ್ದು ಇಡೀ ಬೀದಿಗೆ ಕೇಳಿಸಿರಬೇಕು. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ನಕ್ಕದ್ದೇ ನಕ್ಕದ್ದು. ನಕ್ಕು ಎಷ್ಟು ದಿನವಾಗಿತ್ತೋ.

ಬಾಲವೇ ಸಾಕು. ಉಜ್ಜಿದೆ. ಇಟ್ಟೆ. ಮುಚ್ಚಿದೆ. ಬಾಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟೆ, ಬಟಾಣಿ ಪಕ್ಕ.

ಜನವರಿ 25

ಎರಡು ತಿಂದಿವೆ!! ಹೊಟ್ಟೆಯ ನಡುವೆ ಉಬ್ಬು, ದಾರದಲ್ಲಿ ಗಂಟು ಹಾಕಿದ ಹಾಗೆ. ಕ್ಲೈಡ್‌ಗೆ ಹೇಳಲು ನಾಳೆಯವರೆಗೆ ಕಾಯಬೇಕು. ಹಿತ್ತಲಿಗೆ ಓಡಿ ಬೇಲಿಯ ಮೇಲಿಂದ ಕೂಗಿದೆ.

"ಇನ್ನು ಕೇಕ್ ಆಸೆ ಬಿಡ್ಬೇಕು ಅನ್ನು," ಎಂದರು ಆಂಟಿ. ಆದರೂ ಸಂಜೆ ಒಂದು ತುಂಡು ತಂದರು.

ಫೆಬ್ರವರಿ 16, ಭಾನುವಾರ

ಬರೆಯಲು ಪುರುಸೊತ್ತಿರಲಿಲ್ಲ. ನಾಲ್ಕು ಮರಿ ಈಗ ವಾಸನೆಯ ಮೋಸವೂ ಬೇಡದೆ ತಿನ್ನುತ್ತವೆ. ಐದನೆಯದು ಬುಧವಾರ ಸತ್ತಿತು. ನೀರಿನ ಬಟ್ಟಲ ಸುತ್ತ ಸುರುಳಿಯಾಗಿ ಮಲಗಿತ್ತು, ನಿದ್ದೆ ಎಂದುಕೊಂಡಿದ್ದೆ. ಜೆರೇನಿಯಂ ಗಿಡದ ಬುಡದಲ್ಲಿ ಹೂತೆ.

ಉಳಿದದ್ದು ಪುಟಾಣಿ. ಎಲ್ಲಕ್ಕಿಂತ ಸಣ್ಣವನು. ಇಲಿಮರಿಯನ್ನು ಮೂಸುತ್ತಾನೆ, ನಾಲಗೆ ಚಾಚುತ್ತಾನೆ, ಮುಖ ತಿರುಗಿಸುತ್ತಾನೆ. ಬೆನ್ನು ಮೂಳೆ ಎದ್ದು ಕಾಣುತ್ತಿದೆ.

ಮಾರ್ಚ್ 2

ಕೀವಿಟ್ ಅಂಕಲ್ ಬಂದು ನಾಲ್ಕನ್ನೂ ಒಯ್ದರು. ಎರಡು ಒಬ್ಬ ಮೇಷ್ಟ್ರಿಗಂತೆ, ಎರಡು ತಮಗೆ. "ಶಾಭಾಷ್ ಹುಡುಗಿ" ಎಂದರು. ಖುಷಿಯಾಗಬೇಕಿತ್ತು. ಡಬ್ಬಿ ತೊಳೆದು ಬೋರಲು ಹಾಕಿದೆ. ಸಂಜೆ ಅಭ್ಯಾಸಬಲದಿಂದ ಐದು ಇಲಿಮರಿ ಫ್ರೀಜರಿನಿಂದ ತೆಗೆದು ಬಿಸಿನೀರಿಗೆ ಹಾಕಿಬಿಟ್ಟಿದ್ದೆ. ಡೋರಾ ಅಷ್ಟನ್ನೂ ನುಂಗಿದಳು.

ಮಾರ್ಚ್ 9, ಭಾನುವಾರ

ಕ್ಲೈಡ್. ದನಿ ಮಾಮೂಲಿನಂತಿರಲಿಲ್ಲ. ಅವನ ಜಾಗಕ್ಕೆ ಬರಬೇಕಾದ ಮೆಕ್ಯಾನಿಕ್ ಡಾಕ್ಟರ ತಪಾಸಣೆಯಲ್ಲಿ ಪಾಸಾಗಿಲ್ಲವಂತೆ. ಇನ್ನೊಂದು ವರ್ಷ ಇರ್ತೀಯಾ ಎಂದು ಇವನನ್ನು ಕೇಳಿದ್ದಾರೆ.

"ನೀನೇನಂತೀಯ?"

"ನಾನೇನನ್ಲಿ. ಕೆಲಸ ನಿಂದು."

"ಅದಲ್ಲ... ನೀನು ಚೆನ್ನಾಗೇ ನಿಭಾಯಿಸ್ತಿದೀಯಲ್ಲ. ಜೊತೆಗೆ ಹಾವುಗಳೂ ಇವೆ."

ಹೂಂ ಎಂದೆ. ಡೋರಾಳ ಜೊತೆ ಈಗ ಒಂದೇ ಮರಿ ಇರುವುದು ಎಂದು ಹೇಳಲಿಲ್ಲ.

ಮಾರ್ಚ್ 11

ಏನೂ ಇಲ್ಲ.

ಮಾರ್ಚ್ 20, ಗುರುವಾರ

ಕೀವಿಟ್ ಅಂಕಲ್ ಫೋನ್ ಮಾಡಿದ್ದರು. "ಆ ಸಣ್ಣವನು ತಿಂದ್ನಾ?"

"ಇಲ್ಲ."

"ಹಲ್ಲಿ ಉಜ್ತಿದೀಯ ತಾನೇ?"

ಫ್ರೀಜರಿನ ಬಾಲವನ್ನು ನಾಲ್ಕು ಮರಿ ಹೋದ ದಿನದಿಂದ ಮುಟ್ಟಿಲ್ಲ. ಬರೀ ಇಲಿಮರಿ ಇಡುತ್ತಿದ್ದೇನೆ. ಅವನು ತಿನ್ನುವುದಿಲ್ಲ ಎಂದು ಗೊತ್ತಿದ್ದೇ ಇಡುತ್ತಿದ್ದೇನೆ. ತಿಂದರೆ ಅವನೂ ಹೋಗುತ್ತಾನೆ.

ಅಂಕಲ್ ಅಂದರು: "ಇನ್ನು ತಡ ಮಾಡಿದ್ರೆ ಉಳಿಯಲ್ಲಮ್ಮ. ಬಾಯಿ ಬಿಡಿಸಿ ಇಡ್ಬೇಕು. ಒಬ್ಬಳೇ ಮಾಡ್ಬೇಡ."

ಆಂಟಿಯ ಮನೆಗೆ ಹೋದೆ. ರೊಟ್ಟಿ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದರು. ನನ್ನ ಮುಖ ನೋಡಿ ಕೈ ತೊಳೆದು ಬಂದರು. ಹಾವನ್ನು ಎಂದೂ ಮುಟ್ಟದ ಹೆಂಗಸು ಕಣ್ಣು ಮುಚ್ಚಿಕೊಂಡು ಅವನ ಮೈ ಹಿಡಿದರು. "ಅಯ್ಯೋ, ಒಣಗೇ ಇದೆಯಲ್ಲೇ... ಲೋಳೆ ಅಂದ್ಕೊಂಡಿದ್ದೆ." ಬಾಲ ಉಜ್ಜಿದ ಇಲಿಮರಿಯ ಮೂತಿಯಿಂದ ಅವನ ತುಟಿ ಮೆಲ್ಲಗೆ ಬಿಡಿಸಿದೆ. ಅವನ ಹಲ್ಲುಗಳಿಗೆ ಸಿಕ್ಕಿಸಿ ಕೆಳಗಿಟ್ಟೆ. ಉಸಿರು ಬಿಗಿಹಿಡಿದೆವು. ಉಗುಳಿದ. ಮತ್ತೆ ಇಟ್ಟೆ, ಮತ್ತೆ ಉಗುಳಿದ.

"ಇನ್ನೊಂದ್ಸಲ," ಎಂದರು ಆಂಟಿ, ಕಣ್ಣು ಬಿಡದೆ.

ಈ ಸಲ ಹಿಡಿದುಕೊಂಡ. ಬಹಳ ಹೊತ್ತು ಕಲ್ಲಿನಂತಿದ್ದ. ಆಮೇಲೆ ದವಡೆ ಒಂದು ಕಡೆ ಸರಿಯಿತು. ನಂತರ ಇನ್ನೊಂದು ಕಡೆ.

ಆಂಟಿಯ ಹೆಗಲಿಗೆ ಮುಖ ಒತ್ತಿ ಅತ್ತೆ. ಹಾವಿಗಾಗಿ ಎಂದುಕೊಂಡರೇನೋ ಅನಿಸಿತು. ಅಲ್ಲ. "ಕ್ಲೈಡ್ ಫೋನ್ ಮಾಡ್ದಾಗ ಬಾ ಅನ್ನೇ ಅವನಿಗೆ," ಎಂದರು.

ಮಾರ್ಚ್ 23, ಭಾನುವಾರ

ಹೇಳಿದೆ. ಹಲೋ ಎನ್ನುವ ಮುಂಚೆಯೇ ಹೇಳಿದೆ, ಇಲ್ಲದಿದ್ದರೆ ಆಗುತ್ತಿರಲಿಲ್ಲ.

"ಬಾ ಕ್ಲೈಡ್. ಇನ್ನೊಂದು ವರ್ಷ ನನ್ನ ಕೈಲಾಗಲ್ಲ. ಮನೆಗೆ ಬಾ."

ಮಾತು ಅಲ್ಲಿಗೆ ಮುಟ್ಟಬೇಕು, ಅಲ್ಲಿಂದ ಬರಬೇಕು. ಕಾದೆ. ಅದಕ್ಕಿಂತಲೂ ಹೆಚ್ಚು ಹೊತ್ತಾಯಿತು.

"ವೆರೆನ್... ನಾನು ಅವರಿಗೆ ಆವತ್ತೇ ಹೂಂ ಅಂದ್ಬಿಟ್ಟಿದ್ದೆ ಕಣೇ. ನಿನ್ನ ಕೇಳೋಕೆ ಮುಂಚೇನೇ."

"ಮತ್ತೆ ಯಾಕೆ ಕೇಳ್ದೆ?"

ಗಾಳಿಯ ಸದ್ದು. ಇಲ್ಲಿಯದೋ ಅಲ್ಲಿಯದೋ ತಿಳಿಯಲಿಲ್ಲ. ಇಲ್ಲಿಗಿಂತ ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ ಎಂದ. ನಿನ್ನ ಮೇಲೆ ಸಿಟ್ಟಿಲ್ಲ ಎಂದ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ನಾನೇ ಫೋನ್ ಇಟ್ಟೆ, ಮೊದಲ ಸಲ.

ಮಾರ್ಚ್ 31

ಹೊಲಿಗೆ ಮಷೀನನ್ನು ಆಂಟಿಯ ವರಾಂಡಕ್ಕೆ ಒಯ್ದೆ. ಬೆಳಗಿನ ಹೊತ್ತು ಅಲ್ಲೇ. ಅವರು ಮಾತಾಡುತ್ತಲೇ ಇರುತ್ತಾರೆ, ನಾನು ಹೊಲಿಯುತ್ತಿರುತ್ತೇನೆ. ಸಂಜೆ ಮನೆಗೆ ಬರುವುದು ಮಾತ್ರ ಕಷ್ಟ.

ಕೀವಿಟ್ ಅಂಕಲ್‌ಗೆ ಹೇಳಿಬಿಟ್ಟೆ, ತಿಂದರೂ ತಿನ್ನದಿದ್ದರೂ ಪುಟಾಣಿಯನ್ನು ಯಾರಿಗೂ ಕೊಡುವುದಿಲ್ಲ ಎಂದು. "ಗೊತ್ತಿತ್ತು," ಎಂದರು.

ಏಪ್ರಿಲ್ 6, ಭಾನುವಾರ

ಎರಡು ಸಲ ಬಾಯಿ ಬಿಡಿಸಿಯೇ ತಿನ್ನಿಸಿದ್ದಾಯಿತು. ಇವತ್ತು ಕೈ ಹಾಕಲಿಲ್ಲ. ಚಿಮಟದಲ್ಲಿ ಇಲಿಮರಿ ಹಿಡಿದು ಸುಮ್ಮನೆ ಕೂತೆ. ಏನೂ ಉಜ್ಜಿರಲಿಲ್ಲ. ನಾಲಗೆ ಚಾಚಿದ. ಹಿಂದೆ ಸರಿದ. ಕುತ್ತಿಗೆ ಬಳುಕಿಸಿ ನಿಂತ. ಆಮೇಲೆ ನನಗೆ ಕಂಡದ್ದು ಖಾಲಿ ಚಿಮಟ ಮಾತ್ರ. ತಾನೇ ಎರಗಿ ಹಿಡಿದ! ತಾನೇ ಸುತ್ತಿಕೊಂಡ. ಈಗ ನುಂಗುತ್ತಿದ್ದಾನೆ. ಡಬ್ಬಿ ಮೊಣಕಾಲಿಗೆ ತಾಗಿಯೇ ಇದೆ, ಬರೆಯುತ್ತಿರುವ ಬೆರಳು ಬಿಟ್ಟರೆ ನನ್ನ ಮೈಯಲ್ಲಿ ಏನೂ ಅಲ್ಲಾಡುತ್ತಿಲ್ಲ. ಅಲ್ಲಾಡಿದರೆ ಉಗುಳಿಬಿಡುತ್ತಾನೆ.

ಫೋನ್ ಬಡಿದುಕೊಳ್ಳುತ್ತಿದೆ. ಅಡಿಗೆಮನೆಯಲ್ಲಿದೆ. ಕ್ಲೈಡೇ, ಅವನ ಹೊತ್ತು ಇದು.

ಅರ್ಧ ಒಳಗೆ ಹೋಯಿತು. ಸ್ವಲ್ಪ ನಿಂತ. ಸುಸ್ತೇನೋ... ಬಿಡಬೇಡ ಮರಿ.

ಫೋನ್ ನಿಂತಿತು. ಮತ್ತೆ ಶುರುವಾಯಿತು. ಕಾಯಲಿ.

ಹಿಂಗಾಲು ಹೋಯಿತು. ಬಾಲ ಮಾತ್ರ ಇದೆ, ತುಟಿಯ ತುದಿಯಲ್ಲಿ, ಈಗ ಅದೂ—