ಒಂದನೇ ನಂಬರಿನ ಜರ್ಸಿ

ಫೆಬ್ರವರಿ 6, 2011. ಭಾನುವಾರ

ಮತ್ತೆ ಜರ್ಸಿ ಒಗೆತ. ಹಸಿರು ಯಾವುದು, ಬಿಳಿ ಯಾವುದು ಗೊತ್ತಾಗದಷ್ಟು ಕೆಸರು. ಮೆಷಿನ್ ಮೂರನೇ ಸಲ ಸುತ್ತುತ್ತಿದೆ. ಅಮ್ಮ ಹಿತ್ತಿಲ ತೊಟ್ಟಿಯ ತಣ್ಣೀರಿನಲ್ಲಿ ಒಗೆಯುತ್ತಿದ್ದಳು, ನಾನು ಮೆಷಿನ್ನಿನಲ್ಲಿ ಒಗೆಯುತ್ತೇನೆ. ಹೆಣ್ಣಿನ ಪಾಲಿಗೆ ಡೆರ್ರಿಫಾಡ ಹರ್ಲಿಂಗ್ ಕ್ಲಬ್ಬಿನ ಪ್ರಗತಿ ಇಷ್ಟೇ.

ಮೊಣಕಾಲು ನೋವು.

ಕ್ಲಬ್ಬಿಗೆ ಈ ವರ್ಷ ನೂರಿಪ್ಪತ್ತೈದು ತುಂಬುತ್ತದೆ. ಚರಿತ್ರೆ ಪುಸ್ತಕ ಬರುತ್ತದಂತೆ, ನಾನೇ ಬರೆಯಬೇಕಂತೆ. ಅಧ್ಯಕ್ಷ ಡೆಕ್ಲನ್ ಒದ್ದೆ ಬೂಟಿನಲ್ಲೇ ಅಡುಗೆಮನೆಗೆ ಬಂದು ಕೂತ.

"ಡಿಂಪ್ನಾ, ಪೀಟ್ ಉರುವಲಿನ ಕಾರ್ಖಾನೆ ಮುಚ್ಚೋವಾಗ ಯೂನಿಯನ್ ಕರಪತ್ರ ಬರೆದಿದ್ದು ನೀವೇ ಅಲ್ವಾ? ಮ್ಯಾನೇಜರ್ ಓದಿ ಬೆವೆತುಬಿಟ್ಟಿದ್ನಂತೆ."

"ಬೆವೆತ. ಆದ್ರೂ ಮುಚ್ಚಿದ."

"ಇದಕ್ಕೆ ಅಷ್ಟೊಂದು ಖಾರ ಬೇಡ. ಟ್ರೋಫಿ, ಪದಕ, ಫೋಟೋ, ಅಷ್ಟು ಸಾಕು."

ಒಪ್ಪಿಕೊಂಡೆ. ಯಾಕೋ. ಇಲ್ಲ ಅನ್ನುವುದಕ್ಕೂ ಶಕ್ತಿ ಬೇಕು.

ಫೆಬ್ರವರಿ 9. ಬೆಳಿಗ್ಗೆ

ಮೊದಲ ಅಧ್ಯಾಯ ಬರೆದೆ. ಕ್ರಿಕೆಟ್ಟಿನಿಂದ ಶುರು. ಡೆಕ್ಲನ್‌ಗೆ ಹೊಟ್ಟೆನೋವು ಬರಲಿ.

ಸುಳ್ಳೇನಲ್ಲ. ಹರ್ಲಿಂಗ್ ಕ್ಲಬ್ ಹುಟ್ಟುವ ಮುಂಚೆ ನಮ್ಮ ಆಫಲಿ ಕೌಂಟಿಯ ಈ ಮೂಲೆಯಲ್ಲಿ ಕೂಲಿಯವರು ಭಾನುವಾರ ಆಡುತ್ತಿದ್ದುದು ಕ್ರಿಕೆಟ್. ಜಮೀನ್ದಾರನ ಹುಲ್ಲುಹಾಸಿನಲ್ಲಿ, ಅವನ ಬ್ಯಾಟಿನಲ್ಲಿ, ಅವನು ಕೊಟ್ಟ ಅರ್ಧ ದಿನದ ರಜೆಯಲ್ಲಿ. ನನ್ನ ಮುತ್ತಜ್ಜ ವಿಕೆಟ್ ಕೀಪರ್. ನಮ್ಮ ಹಳೆಯ ಕ್ಯಾಪ್ಟನ್ ಲಾರ್ ಗಿನಾನ್‌ನ ಅಜ್ಜ ಬೌಲರ್, ಅದೂ ಎಡಗೈ. ಆಮೇಲೆ ದೇಶೀ ಆಟಗಳ ಸಂಘ ಬಂತು. ನಮ್ಮ ಆಟ ನಾವು ಆಡೋಣ, ಕೋಲು-ಚೆಂಡಿನ ಹರ್ಲಿಂಗ್ ಆಡೋಣ ಎಂದಿತು. ಸರಿಯಾಗಿಯೇ ಹೇಳಿತು! ತುಳಿದವನ ಆಟ ಬಿಟ್ಟು ಆ್ಯಶ್ ಮರದ ಕೋಲು ಹಿಡಿದು ತಲೆಯೆತ್ತಿ ನಿಂತರು. ಅದಕ್ಕೆ ನನ್ನ ಸಲಾಮು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಕ್ರಿಕೆಟ್, ರಗ್ಬಿ, ಹಾಕಿ, ಫುಟ್‌ಬಾಲ್ — ಇಂಗ್ಲಿಷರ ಆಟ ಆಡಿದವನು ಹೊರಗೆ. ಆಡುವುದಿರಲಿ, ನಿಂತು ನೋಡಿದವನೂ ಹೊರಗೆ. ಬ್ಯಾಟುಗಳು ಒಲೆಗೆ ಹೋದವು. ಅಜ್ಜಂದಿರು ಏನು ಆಡುತ್ತಿದ್ದರೆಂದು ಕೇಳಿದರೆ ಇಡೀ ಊರಿಗೆ ಮರೆವು.

ಯಾರು ನೋಡಿದರೆಂದು ತಿಳಿಯುವುದು ಹೇಗೆ? ಕಮಿಟಿಯೇ ಒಬ್ಬನನ್ನು ನೋಡಲು ಕಳಿಸುತ್ತಿತ್ತು. ಆಟ ನೋಡಿದವನು ದ್ರೋಹಿ. ನೋಡಿದವನನ್ನು ನೋಡಿ ಬಂದವನು ದೇಶಭಕ್ತ.

ಫೆಬ್ರವರಿ 13. ಭಾನುವಾರ

ಕವೆಂಟ್ರಿಯಿಂದ ಅಣ್ಣ ಫಿಂಟನ್‌ನ ಫೋನ್. ಅಂದರೆ ನರ್ಸ್ ಹಚ್ಚಿಕೊಟ್ಟದ್ದು. ಫಿಂಟನ್‌ನ ಶ್ವಾಸಕೋಶ ಮುಗಿದಿದೆ. ಒಂದು ಮಾತು, ಒಂದು ದಮ್ಮು.

"ಯಾರು ಗೆದ್ರು?"

"ಅವರೇ. ನಮಗೆ ಹದಿನೈದು ಜನ ಎಲ್ಲಿ ಸಿಕ್ತಾರೆ? ನಲವತ್ತಾರು ವರ್ಷದ ಪೋಸ್ಟ್‌ಮ್ಯಾನ್ ಗೋಲ್‌ನಲ್ಲಿ ನಿಂತಿದ್ದ."

"ನನ್ನ ಕರೀಬೇಕಿತ್ತು." ನಗಲು ಹೋಗಿ ಕೆಮ್ಮಿದ.

ಆಮೇಲೆ ಅದೇ ಮಾತು. ಕಳೆದ ಸಲವೂ ಹೇಳಿದ್ದ.

"ನನ್ನ ಅಲ್ಲೇ ಹೂಳ್ಬೇಕು ಕಣೇ. ಅಮ್ಮನ ಪಕ್ಕ. ಪೆಟ್ಟಿಗೆ ಮೇಲೆ ಜರ್ಸಿ ಹಾಕ್ಸು."

"ಹಾಕ್ದೇ ಇರ್ತಾರಾ? ಇಲ್ಲಿ ಆಡಿದವರಿಗೆಲ್ಲ ಹಾಕ್ತಾರೆ. ಒಂದೇ ಒಂದು ಮ್ಯಾಚಲ್ಲಿ ಬೆಂಚು ಕಾದ ಮಿಕ್ ಡೂಲಿಗೂ ಹಾಕಿದ್ರು."

"ಡೂಲೀನ ಯಾರೂ ಹೊರಗೆ ಹಾಕಿರ್ಲಿಲ್ಲ."



"ಆ ವರ್ಷದ್ದೂ ಬರೀತಿದೀನಿ. ಹೆಸರು ಹಿಡಿದು ಬರೀತೀನಿ."

"ಬರಿ, ಬಿಡು. ಪುಸ್ತಕ ಯಾರಿಗೆ ಬೇಕು. ನನಗೆ ಜರ್ಸಿ ಸಾಕು."

ಫೆಬ್ರವರಿ 20

ಬರೆದೆ. ಒಂದೇ ಪುಟ. ಇಡೀ ದಿನ ಹಿಡಿಯಿತು.

1963. ಕೌಂಟಿ ಫೈನಲ್ಲಿಗೆ ಡೆರ್ರಿಫಾಡ ಮೊದಲ ಸಲ ಬಂದ ವರ್ಷ. ಗೋಲ್‌ನಲ್ಲಿ ಫಿಂಟನ್, ಒಂದನೇ ನಂಬರು. ಅವನ ಮುಂದೆ ಕ್ಯಾಪ್ಟನ್ ಲಾರ್ ಗಿನಾನ್, ಮೂರನೇ ನಂಬರು. ಪೀಟ್ ಮಣ್ಣು ತೆಗೆಯುವ ಜೌಗಿನ ಕ್ಯಾಂಪಿನಲ್ಲಿ ಡಬ್ಲಿನ್ ಹುಡುಗರು ಭಾನುವಾರ ಫುಟ್‌ಬಾಲ್ ಆಡುತ್ತಿದ್ದರು. ಅಣ್ಣನ ಜೊತೆ ಅದೇ ಮೆಷಿನ್ನಿನಲ್ಲಿ, ಅದೇ ಮಳೆಯಲ್ಲಿ ದುಡಿಯುವವರು. ಅವರ ಗೋಲ್‌ಕೀಪರ್ ಬೆರಳು ಮುರಿದುಕೊಂಡ. ಫಿಂಟನ್ ನಿಂತ. ಒಂದು ಭಾನುವಾರ. ಒಂದೇ ಒಂದು.

ಕಮಿಟಿ ಕಳಿಸಿದ ಕಣ್ಣು ಲಾರ್‌ನದು. ಫೈನಲ್ ಎದುರಿಗಿತ್ತು. ತನ್ನ ಬೆನ್ನು ಕಾಯುವ ಗೋಲ್‌ಕೀಪರನ್ನು ತಾನೇ ಹಿಡಿದುಕೊಟ್ಟ. ಎರಡು ವರ್ಷ ಅಮಾನತು. ಫೈನಲ್ಲಿನಲ್ಲಿ ಬದಲಿ ಹುಡುಗನ ಕಾಲ ಸಂದಿಯಲ್ಲಿ ಚೆಂಡು ನುಸುಳಿತು. ಒಂದು ಪಾಯಿಂಟಿನಿಂದ ಸೋತರು. ಮತ್ತೆ ಇವತ್ತಿಗೂ ಫೈನಲ್ ಕಂಡಿಲ್ಲ. ಸೋತದ್ದಕ್ಕೂ ಊರು ಫಿಂಟನ್‌ನನ್ನೇ ಬೈಯಿತು. ಚರ್ಚಿನಲ್ಲಿ ಅಮ್ಮನ ಪಕ್ಕದ ಜಾಗ ಖಾಲಿ ಇರುತ್ತಿತ್ತು.

ಇಂಗ್ಲಿಷರ ಆಟ ಆಡಿದ್ದಕ್ಕೆ ಊರು ಬಿಡಿಸಿದರು. ಬಿಟ್ಟು ಹೋದದ್ದೆಲ್ಲಿಗೆ? ಇಂಗ್ಲೆಂಡಿಗೇ! ಕವೆಂಟ್ರಿಯ ಕಾರು ಕಾರ್ಖಾನೆಗೆ. ಅವನಿಗೂ ಮುಂಚೆ, ಅವನಿಂದಾಚೆ, ಅರ್ಧ ಟೀಮು ಅದೇ ಹಡಗು ಹತ್ತಿತು. ಯುವಕರಿಗೆ ಕೂಲಿ ಕೊಡಲಾರದ ನಾಡು ಅವರು ಯಾವ ಚೆಂಡು ಮುಟ್ಟಬೇಕೆಂದು ಮಾತ್ರ ಕಾನೂನು ಮಾಡಿತ್ತು.

ಇಷ್ಟನ್ನೂ ಬರೆದೆ. ಟೀ ಆರಿ ತಣ್ಣಗಾಗಿದೆ.

ಫೆಬ್ರವರಿ 28. ಸೋಮವಾರ

ಕಮಿಟಿ ಕೂತಿತು. ಲಾರ್ ಬಂದಿರಲಿಲ್ಲ, ಜ್ವರವಂತೆ. ಎಪ್ಪತ್ತೆಂಟು ವಯಸ್ಸು. ಜೂನ್‌ನಲ್ಲಿ ಮೈದಾನಕ್ಕೆ ಅವನ ಹೆಸರಿಡುತ್ತಾರೆ, ಫಲಕವೂ ಸಿದ್ಧ.

ಕ್ರಿಕೆಟ್ ಪುಟಕ್ಕೆ ನಕ್ಕರು. 1963 ಓದುವಾಗ ಯಾರ ಕುರ್ಚಿಯೂ ಕಿರುಗುಟ್ಟಲಿಲ್ಲ.

"ಮುದುಕ ಮನುಷ್ಯ, ಡಿಂಪ್ನಾ," ಎಂದ ಡೆಕ್ಲನ್. "ಈಗ ಯಾಕೆ ನೋಯಿಸ್ಬೇಕು?"

"ನನ್ನ ಅಣ್ಣನೂ ಮುದುಕ."

"ಆ ಕಾಲದ ನಿಯಮ ಅದು..."

"ನಿಯಮ ತಾನಾಗೇ ಫುಟ್‌ಬಾಲ್ ಮೈದಾನಕ್ಕೆ ನಡ್ಕೊಂಡು ಹೋಯ್ತಾ? ಯಾರ ಕಾಲಲ್ಲಿ ಹೋಯ್ತು?"

ಪುಟ ಮೇಜಿನ ಮೇಲೆ ಉಳಿಯಿತು. ಮುಂದಿನ ಸಭೆಗೆ. ಮನೆಗೆ ನಡೆದೇ ಬಂದೆ. ಕಾರಿನಲ್ಲಿ ಬಿಡುತ್ತೇನೆಂದ ಡೆಕ್ಲನ್. ಬೇಡ ಎಂದೆ. ಅದಕ್ಕೀಗ ಮೊಣಕಾಲು ಬೈಯುತ್ತಿದೆ.

ಮಾರ್ಚ್ 5

ಫಿಂಟನ್ ಗುರುವಾರ ಹೋದ.

ಮಾರ್ಚ್ 7. ಸೋಮವಾರ, ಮಧ್ಯಾಹ್ನ

ಪೆಟ್ಟಿಗೆ ಶುಕ್ರವಾರದ ಹಡಗಿಗೆ ಬರುತ್ತದೆ. ಶನಿವಾರ ಮಣ್ಣು. ಪಾದ್ರಿಗೆ ಹೇಳಿದೆ. ಹ್ಯಾಮ್ ತರಿಸಿದೆ. ಬರುವವರಿಗೆ ಸ್ಯಾಂಡ್‌ವಿಚ್ ಮಾಡಬೇಕು. ಬರುವವರು ಎಷ್ಟೋ.

ಡೆಕ್ಲನ್ ಬಂದ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಸಮಾಧಾನದ ಮಾತು ಮುಗಿಸಿ ಗಂಟಲು ಸರಿಮಾಡಿಕೊಂಡ.

"ಜರ್ಸಿ ವಿಷಯ... ಒಂದು ಚಿಕ್ಕ ತೊಡಕಿದೆ. ಅಮಾನತು ಆದವರು ವಾಪಸ್ ಸೇರಿಸ್ಕೊಳ್ಳಿ ಅಂತ ಕೇಳ್ಕೋಬೇಕಿತ್ತು. ಫಿಂಟನ್ ಕೇಳ್ಲೇ ಇಲ್ಲ. ಲೆಕ್ಕದ ಪ್ರಕಾರ ಅವರು ಇನ್ನೂ ಹೊರಗೇ."

"ಸತ್ತಿದಾನೆ, ಡೆಕ್ಲನ್."

"ಗೊತ್ತು. ನಾನು ಮಾತಾಡಿ ಸರಿ ಮಾಡ್ತೀನಿ. ಜರ್ಸಿ, ದಾರಿಯ ಎರಡೂ ಕಡೆ ಗೌರವಕ್ಕೆ ಕೋಲು ಹಿಡಿದ ಹುಡುಗರು, ಎಲ್ಲಾ. ಆದ್ರೆ ಆ ಪುಟ... ನೀವೂ ಒಂದು ಹೆಜ್ಜೆ ಈ ಕಡೆ ಬಂದ್ರೆ..."

ಹೀಗೆಯೇ ಮಾತಾಡಿದ್ದ ಕಾರ್ಖಾನೆ ಮುಚ್ಚಿದ ಆ ಮ್ಯಾನೇಜರ್. ಅದೇ ಮೆತ್ತಗಿನ ದನಿ. ಅವತ್ತು ಮೇಜು ಗುದ್ದಿ ಎದ್ದು ಬಂದವಳು ನಾನು.

ಇವತ್ತು ಕೂತೇ ಇದ್ದೆ. ಕೈಯಲ್ಲಿ ಬೆಣ್ಣೆ ಚಾಕು.

"ತೆಗೀರಿ," ಎಂದೆ.

ಅವನಿಗೇ ನಂಬಿಕೆಯಾಗಲಿಲ್ಲ. "ಅಂದ್ರೆ—"

"ಪುಟ ತೆಗೀರಿ ಅಂದೆ. ಜರ್ಸಿ ತನ್ನಿ. ಹೋಗಿ ಈಗ."

ಅಣ್ಣ ಕೇಳಿದ್ದು ಜರ್ಸಿ. ಪುಸ್ತಕ ಯಾರಿಗೆ ಬೇಕು ಎಂದವನು ಅವನೇ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅದನ್ನೇ ಹೇಳಿಕೊಂಡೆ. ಸತ್ತವನನ್ನು ಒತ್ತೆಯಿಟ್ಟು ಸತ್ಯ ಕೊಂಡರು. ಮಾರಿದವಳು ನಾನು.

ಮಾರ್ಚ್ 9. ಬೂದಿ ಬುಧವಾರ

ಲಾರ್ ಗಿನಾನ್ ಬಂದಿದ್ದ. ನಮ್ಮ ಮನೆಗೆ! ಅಮ್ಮ ಸತ್ತಾಗಲೂ ಗೇಟು ದಾಟದವನು. ಬಾಗಿಲು ತೆಗೆದರೆ ಕೋಲೂರಿಕೊಂಡು ನಿಂತಿದ್ದಾನೆ, ಹಣೆಯ ಮೇಲೆ ಪಾದ್ರಿ ಹಚ್ಚಿದ ಬೂದಿ. ಕೆಂಪು ಮುಖ. ಕ್ಷಮೆ ಕೇಳಲು ಬಂದನೆಂದುಕೊಂಡೆ. ನನಗೂ ಬುದ್ಧಿ ಇಲ್ಲ.

"ನನ್ನ ಹೆಸರು ಯಾಕೆ ತೆಗೆದೆ?"

"ಏನು?"

"ಪುಸ್ತಕದಿಂದ. ಡೆಕ್ಲನ್ ದೊಡ್ಡ ಉಪಕಾರ ಮಾಡಿದವನ ಹಾಗೆ ಬಂದು ಹೇಳ್ದ. ನಾನೇನು ಕಳ್ಳನಾ? ಕಮಿಟಿ ಕಳಿಸ್ತು, ಹೋದೆ. ನೋಡ್ದೆ. ಎಲ್ಲರ ಮುಂದೆ ನಿಂತು ಹೇಳ್ದೆ, ಫಿಂಟನ್ ಎದುರಿಗೇ. ಬರೆದದ್ದು ಸರಿಯಾಗೇ ಇದೆ. ಹಾಕು."

"ನಿನ್ನ ಮಾನ ಹೋಗುತ್ತೆ ಅಂತ ಅವರಿಗೆ ಭಯ."

"ನನ್ನ ಮಾನ ನಾನು ನೋಡ್ಕೋತೀನಿ. ನನ್ನ ಅಜ್ಜನ ಬಗ್ಗೆ ಬರೆದಿದೀಯಲ್ಲ, ಅದು ತೆಗಿ."

"ಎಡಗೈ ಬೌಲರ್. ಅದು ತೆಗೆಯಲ್ಲ."

"ಸುಳ್ಳು ಅದು."

"ನಿನ್ನ ಸೋದರತ್ತೆಯೇ ಹೇಳಿದ್ದು, ಹೆಮ್ಮೆಯಿಂದ."

ಗೊಣಗಿದ. ಕುರ್ಚಿ ತೋರಿಸಿದೆ. ಕೂತ. ಟೀ ಕೊಡಲಿಲ್ಲ ಮೊದಲಿಗೆ. ಆಮೇಲೆ ಕೊಟ್ಟೆ. ಚಳಿಯಲ್ಲಿ ಬಂದ ಮುದುಕನನ್ನು ದ್ವೇಷಿಸಲಿಕ್ಕೂ ತ್ರಾಣ ಬೇಕು.

"ಜರ್ಸಿ ವಿಷಯಾನೂ ಕೇಳ್ದೆ," ಎಂದ. "ಅವನು ಇನ್ನೂ ಹೊರಗಂತೆ! ಯಾವನ್ರೀ ಹೇಳಿದ್ದು ಅಂತ ಕೇಳ್ದೆ. ಎಪ್ಪತ್ತೊಂದರಲ್ಲಿ ಸಂಘ ಆ ನಿಯಮ ತೆಗೆದು ಹಾಕ್ತು. ನಾನು ಅದಕ್ಕೆ ವಿರುದ್ಧ ಕೈ ಎತ್ತಿದವನು. ಸೋತೆ. ಏನು ಪಾಸಾಯ್ತು ಅಂತ ಗೆದ್ದವರಿಗೆ ಮರೆತು ಹೋಗಿರುತ್ತೆ, ಸೋತವನಿಗೆ ಮರೆಯಲ್ಲ. ಅವತ್ತಿಂದ ಫಿಂಟನ್ ಒಳಗೆ. ಯಾರನ್ನೂ ಕೇಳ್ಕೋಬೇಕಾಗಿಲ್ಲ. ಅವನ ಜರ್ಸಿ ಅವನದು. ಬದಲಿಗೆ ಏನನ್ನಾದ್ರೂ ಕೇಳೋ ಹಕ್ಕು ಡೆಕ್ಲನ್‌ಗಿಲ್ಲ."

"ಹಾಗಾದ್ರೆ ಮಾಡಿದ್ದು ತಪ್ಪು ಅಂತೀಯಾ?"

"ಅನ್ನಲ್ಲ. ನಿಯಮ ಇದ್ರೆ ಇವತ್ತೂ ಹೇಳ್ತೀನಿ."

ಈ ಊರು ನನಗೆ ಒಬ್ಬ ನೆಟ್ಟಗಿನ ವೈರಿಯನ್ನೂ ಕೊಡಲಿಲ್ಲ. ಕೊಟ್ಟದ್ದು ಇವನನ್ನು.

ಬಹಳ ವರ್ಷದಿಂದ ಕೇಳಬೇಕೆಂದಿದ್ದೆ. ಕೇಳಿದೆ.

"ಆ ಭಾನುವಾರ ಹೋದ ತಕ್ಷಣ ಅವನ ಮುಖ ಕಂಡಿತಾ?"

"ಕಂಡಿತು."

"ಕೆಲಸ ಆಯ್ತಲ್ಲ. ವಾಪಸ್ ಬಂದ್ಯಾ?"

ಟೀ ಲೋಟ ತಿರುಗಿಸಿದ. "ಇಲ್ಲ. ಮುಗಿಯೋವರೆಗೂ ನಿಂತಿದ್ದೆ."

"ಯಾಕೆ?"

"ಒಂದು ಪೆನಾಲ್ಟಿ ಹಿಡಿದ. ಗಾಳೀಲಿ ಅಡ್ಡ ಮಲಗಿ, ಎರಡೂ ಕೈಯಲ್ಲಿ... ನಮ್ಮ ಮೈದಾನದಲ್ಲಿ ಹಾಗೆ ಹಿಡಿದಿದ್ದು ನಾನು ನೋಡಿರ್ಲಿಲ್ಲ. ಡಬ್ಲಿನ್ ಹುಡುಗರು ಕೂಗಾಡಿಬಿಟ್ರು."

"ನೀನು?"

"ನಾನು ಕೈ ಜೇಬಲ್ಲಿಟ್ಕೊಂಡಿದ್ದೆ." ಕಿಟಕಿಯತ್ತ ನೋಡಿದ. "ಹೊರಗಿದ್ದಿದ್ರೆ ಚಪ್ಪಾಳೆ ತಟ್ಟಿಬಿಡ್ತಿದ್ವು."

ಟೀ ಪೂರ್ತಿ ಕುಡಿಯದೆ ಎದ್ದು ಹೋದ.

ಮಾರ್ಚ್ 10

ಡೆಕ್ಲನ್ ಜರ್ಸಿ ತಂದುಕೊಟ್ಟ. ಮುಖ ಸಣ್ಣದಾಗಿತ್ತು. "ಪುಟ ಇರುತ್ತೆ," ಎಂದ. "ಲಾರ್ ಹೇಳಿದಾರೆ, ಆ ಪುಟ ಇಲ್ದಿದ್ರೆ ಮೈದಾನದ ಫಲಕದಿಂದ ಅವರ ಹೆಸರು ಅವರೇ ಕಿತ್ತು ಬಿಸಾಕ್ತಾರಂತೆ."

ಮೂರು ದಿನದ ಹಿಂದೆ ನಾನು ಬಿಟ್ಟುಕೊಟ್ಟದ್ದನ್ನು ಲಾರ್ ಗಿನಾನ್ ಗೆದ್ದು ತಂದ. ನಗಬೇಕೋ ಅಳಬೇಕೋ. ಎರಡಕ್ಕೂ ದಣಿವು.

ಜರ್ಸಿ ಹೊಸದು. ಹೊಸತನದ ವಾಸನೆ ಹೋಗಲೆಂದು ಒಂದು ಸಲ ಒಗೆದೆ. ಮೆಷಿನ್ನಿನಲ್ಲಿ ಅಲ್ಲ. ಹಿತ್ತಿಲ ತೊಟ್ಟಿಯಲ್ಲಿ, ತಣ್ಣೀರಿನಲ್ಲಿ.

ಮಾರ್ಚ್ 12. ಶನಿವಾರ, ಬೆಳಿಗ್ಗೆ

ಅಣ್ಣ ನಡುಮನೆಯಲ್ಲಿದ್ದಾನೆ. ನಿನ್ನೆ ಮಧ್ಯಾಹ್ನ ಬಂದ. ಸಂಜೆಯವರೆಗೂ ಜನ ಬಂದರು. ಎಣಿಸಲಿಲ್ಲ. ಸ್ಯಾಂಡ್‌ವಿಚ್ ಮುಗಿದುಹೋಗಿ ಪಕ್ಕದ ಮನೆಯವಳು ಮತ್ತೆ ಮಾಡಿಕೊಟ್ಟಳು.

ಇಸ್ತ್ರಿ ಆಯಿತು. ಒಂದನೇ ನಂಬರು ಬೆಳ್ಳಗೆ ಕಾಣುತ್ತಿದೆ.

ರಸ್ತೆಯ ಎರಡೂ ಬದಿ ಹುಡುಗರು ಬಂದು ನಿಂತಿದ್ದಾರೆ, ಕೋಲು ಹಿಡಿದು. ಹದಿನೈದು ಆಗುವುದಿಲ್ಲ. ಪೋಸ್ಟ್‌ಮ್ಯಾನ್ ಕೂಡ ಸಾಲಿನಲ್ಲಿದ್ದಾನೆ. ಪೆಟ್ಟಿಗೆಯ ಮೇಲೆ ಜರ್ಸಿ ಹಾಸುವವರು ಕ್ಲಬ್ಬಿನ ಕಡೆಯವರಾಗಬೇಕು, ಅದು ರೂಢಿ. ಯಾರೆಂದು ಡೆಕ್ಲನ್ ಕೇಳಿದ. ಹೇಳುತ್ತೇನೆ ಎಂದೆ. ಈ ಊರಿನ ಜರ್ಸಿಗಳನ್ನು ಅರ್ಧ ಆಯುಷ್ಯ ಒಗೆದ ನಾನು ಯಾವ ಕಡೆಯವಳೋ, ಅದನ್ನು ಅವನು ಕೇಳಲಿಲ್ಲ.

ಕಿಟಕಿಯಿಂದ ಕಾಣುತ್ತಿದೆ. ಗೇಟಿನ ಹೊರಗೆ ಲಾರ್. ಕ್ಲಬ್ಬಿನ ಟೈ ಕಟ್ಟಿದ್ದಾನೆ. ಒಳಗೆ ಬರುತ್ತಿಲ್ಲ, ಹೋಗುತ್ತಲೂ ಇಲ್ಲ. ಕೋಲನ್ನು ಗೇಟಿಗೆ ಒರಗಿಸಿ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದಾನೆ.

ಹೋಗಿ ಹೇಳುತ್ತೇನೆ. ಕೈ ಹೊರಗೆ ತೆಗಿ, ಲಾರ್. ಜರ್ಸಿಯ ಒಂದು ತುದಿ ನೀನು ಹಿಡಿ, ಇನ್ನೊಂದು ತುದಿ ನಾನು—