ಆನ್ಸೆಲ್‌ನ ದನಿ

ಫೆಬ್ರವರಿ 6, ಮಂಗಳವಾರ. ಡುಲುತ್

ಮೆಟ್ಟಿಲ ಮೇಲಿನ ಹಿಮ ಎತ್ತಿಹಾಕಿ ಒಳಬಂದೆ. ಓಟ್ಸ್ ಗಂಜಿ, ಕಾಫಿ, ಮಾತ್ರೆ. ಅಷ್ಟರಲ್ಲಿ ಗೆಳತಿ ಮೇವಿಸ್ ಫೋನ್. ಲೈಬ್ರರಿ ಕೆಲಸದಿಂದ ನಿವೃತ್ತಳಾದ ಮೇಲೆ ಹಳೆಯ ಸಾಫ್ಟ್‌ವೇರ್ ಕೂಡಿಟ್ಟು, ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಹಂಚುತ್ತಾಳೆ. ನಾನು ಬರೆದ ಪ್ರೋಗ್ರಾಂನ ಫ್ಲಾಪಿಗಳನ್ನೂ ಎಂದೋ ಅವಳಿಗೇ ಕೊಟ್ಟಿದ್ದೆ.

"ಆರಿನ್, ನಿನ್ನ ಪ್ರೋಗ್ರಾಂಗೂ ಒಬ್ರು ಗಿರಾಕಿ ಸಿಕ್ಕಿದ್ರು ಕಣೋ!"

ಬೆಮಿಜಿ ಊರಿನ ಕೊಲೆಟ್ ಎಂಬಾಕೆ. ಆಕೆಯ ತಮ್ಮ ಆನ್ಸೆಲ್‌ಗೆ ಹುಟ್ಟಿನಿಂದ ಮಾತಿಲ್ಲ. ಚಿತ್ರ ಒತ್ತಿದರೆ ಮಾತಾಡುವ ನನ್ನ ಪ್ರೋಗ್ರಾಂನಲ್ಲೇ ಇಷ್ಟು ದಿನ ಮಾತಾಡಿದ್ದಾನೆ. ಈಗ ಕಂಪ್ಯೂಟರ್ ಕೆಟ್ಟಿದೆ. ಅದೇ ತರಹದ ಹಳೆಯ ಮೆಷಿನ್ ಹುಡುಕಿ ತಂದಿದ್ದಾಳಂತೆ, ಪ್ರೋಗ್ರಾಂ ಇಲ್ಲ. ಖಾಲಿ ಫ್ಲಾಪಿ ಬಂದ ಕೂಡಲೇ, ಸೋಮವಾರ, ಮೇವಿಸ್ ಪ್ರತಿ ಮಾಡಿ ಕಳಿಸುತ್ತಾಳೆ.

ಬರೆದು ಮೂವತ್ತಮೂರು ವರ್ಷವಾದರೂ ಬಳಕೆಯಲ್ಲಿದೆ! ದಿನವಿಡೀ ಶಿಳ್ಳೆ ಹಾಕಿಕೊಂಡು ಓಡಾಡಿದೆ.

ಫೆ. 9, ಶುಕ್ರವಾರ

ಮೇವಿಸ್‌ಗೆ ಒಂದು ಕಂಪನಿಯ ವಕೀಲರ ನೋಟಿಸ್. ಕಾಪಿರೈಟ್. ನನ್ನದೂ ಸೇರಿ ನಲವತ್ತೊಂದು ಪ್ರೋಗ್ರಾಂ ತೆಗೆಯಬೇಕು, ಪ್ರತಿಗಳನ್ನೆಲ್ಲ ಅಳಿಸಬೇಕು, ಫ್ಲಾಪಿ ಒಪ್ಪಿಸಬೇಕು.

ವಕೀಲನಿಗೆ ನಾನೇ ಫೋನ್ ಮಾಡಿದೆ.

"ಅದನ್ನ ಬರೆದೋನು ನಾನೇ ಕಣಪ್ಪಾ."

"ಬರೆದಿದ್ದು ನೀವೇ ಸರ್. ಆದ್ರೆ ತೊಂಬತ್ಮೂರರಲ್ಲಿ ಹಕ್ಕು ಮಾರಿದ್ದೀರಲ್ಲ. ತಗೊಂಡ ಕಂಪನೀನ ಇನ್ನೊಬ್ರು ತಗೊಂಡ್ರು, ಅವರನ್ನ ನಾವು ತಗೊಂಡ್ವಿ."

"ಈಗ ನೀವು ಅದನ್ನ ಮಾರ್ತೀರಾ?"

"ಇಲ್ಲ."

"ನಿಮ್ಮ ಹತ್ರ ಒಂದು ಕಾಪಿನಾದ್ರೂ ಇದೆಯಾ?"

"ಗೊತ್ತಿಲ್ಲ ಸರ್. ಹುಡುಕೋರು ಯಾರೂ ಇಲ್ಲ."

"ಒಬ್ಬನಿಗೆ, ಒಂದೇ ಒಂದು..."

"ಅದಕ್ಕೆ ಫಾರಂ ಇದೆ. ಆರೆಂಟು ವಾರ ಆಗತ್ತೆ."

ಫೆ. 12

ಮೇವಿಸ್ ಮನೆಗೆ ಹೋದೆ. ತಡವಾಗಿತ್ತು — ಎಲ್ಲ ಅಳಿಸಿ, ಸಹಿ ಹಾಕಿ, ಫ್ಲಾಪಿಯ ಡಬ್ಬ ಕೊರಿಯರಿನವನ ಕೈಗೆ ಕೊಟ್ಟುಬಿಟ್ಟಿದ್ದಾಳೆ.

"ಒಂದನ್ನ ಬಚ್ಚಿಡಬಾರ್ದಿತ್ತೇನೆ?"

"ಇಲ್ಲ ಅಂತ ಪ್ರಮಾಣ ಮಾಡಿ ಸಹಿ ಹಾಕಿದೀನಲ್ಲೋ. ಕೋರ್ಟು ಹತ್ತೋ ವಯಸ್ಸಾ ನಂದು? ಬೈಬೇಡ."

ಬೈಯಲಿಲ್ಲ. ಬೈಸಿಕೊಳ್ಳಬೇಕಾದವನು ಹಕ್ಕು ಮಾರುವಾಗ ಪೂರ್ತಿ ಓದದೆ ಸಹಿ ಹಾಕಿದ ನಾನು. ಫಾರಂ ತುಂಬಿ ಕಳಿಸಿದೆ.

ಮಾರ್ಚ್ 29

ಉತ್ತರ ಬಂತು. ಆ ಹೆಸರಿನ ಸಾಫ್ಟ್‌ವೇರ್ ತಮ್ಮ ಪಟ್ಟಿಯಲ್ಲಿ ಕಾಣುತ್ತಿಲ್ಲ, ಆದ್ದರಿಂದ ಅನುಮತಿ ಕೊಡಲಾಗುವುದಿಲ್ಲ.

ವಕೀಲನಿಗೆ ಮತ್ತೆ ಫೋನ್. ಹಾಗಾದರೆ ಆ ಫ್ಲಾಪಿಗಳು?

"ನಾಶ ಮಾಡಾಯ್ತು ಸರ್. ನಿಯಮ ಇರೋದೇ ಹಾಗೆ." ದನಿಯಲ್ಲಿ ಬೇಸರವಿತ್ತು. ಇತ್ತೆಂದುಕೊಂಡೆ.

ಮಾರ್ಚ್ 31, ಈಸ್ಟರ್

ಕೊಲೆಟ್‌ಗೆ ನಾನೇ ಫೋನ್ ಮಾಡಿ ಹೇಳಬೇಕಿತ್ತು. ಹೇಳಿದೆ.

"ಮಾತಾಡೋ ಹೊಸ ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟಿದಾರೆ ಸರ್, ಅದರ ದನಿ ಬೇರೆ. ಎಸೆದುಬಿಟ್ಟ. ಯಾರೋ ಬೇರೆಯವರು ತನ್ನ ಹೆಸರಲ್ಲಿ ಮಾತಾಡ್ತಿದಾರೆ ಅನ್ಸತ್ತೇನೋ. ಎಂಟು ವಾರ ಆಯ್ತು, ಒಂದು ಚಿತ್ರ ಮುಟ್ಟಿಲ್ಲ. ನೀವೇ ಹೇಳಿ ಅವನಿಗೆ. ಕಿವಿ ಚೆನ್ನಾಗಿ ಕೇಳತ್ತೆ."

ಬೇಡ ಎನ್ನುವುದರೊಳಗೆ ಫೋನನ್ನು ಅವನ ಕಿವಿಗಿಟ್ಟಳು. ಬರೀ ಉಸಿರು.

"ಆನ್ಸೆಲ್, ನಾನು ಆರಿನ್. ನಿನ್ನ ದನಿ ಮಾಡಿದ್ದು ನಾನೇ ಕಣಪ್ಪಾ."

ಉಸಿರು ಜೋರಾಯಿತು. ನಕ್ಕನೇ? ದನಿ ವಾಪಸ್ ಬರುತ್ತದೆ ಎಂದುಕೊಂಡನೇ? ಮುಂದೆ ನಾನು ಹೇಳುವುದಕ್ಕೆ ಕಾಯುತ್ತಿದ್ದ. ಆ ದನಿ ಇನ್ನಿಲ್ಲ ಎನ್ನಲಾಗದೆ ಫೋನ್ ಇಟ್ಟುಬಿಟ್ಟೆ.